ಕರೆಂಟಿನವರ ಮನೆಯ ಬುಡ್ಡಿದೀಪ

ನಿನಗೆ ಬಲು ಇಷ್ಟವಾದ ಸಿನಿಮಾ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಹೆಸರು ಹೇಳಲಾಗದೆ ಒದ್ದಾಡುತ್ತಿದ್ದೆ. ಪರದೆಯ ಮೇಲೆ ಅದರ ಹೆಸರು ಬಂದಾಗ ನಾವು ಚಾಪೆ ಹಾಸುವ ಜಾಗಕ್ಕೆ ಜಗಳವಾಡುತ್ತಿದ್ದೆವು. ಅದು ಮುಗಿಯುವ ಮೊದಲೇ ಕರೆಂಟು ಹೋಗಿತ್ತು. ತಲೆಯೂ ಇಲ್ಲ, ಬಾಲವೂ ಇಲ್ಲ, ಹೊಟ್ಟೆಯೊಂದೇ ಸಿಕ್ಕಿದ ಸಿನಿಮಾ. ನಮ್ಮ ಮನೆಯಲ್ಲಿ ಅದಕ್ಕೆ 'ಪೇಪರ್ನೋರ ಸಿನಿಮಾ' ಎಂದೇ ಹೆಸರು. ನಾನು ಇವತ್ತು ಏನಾಗಿದ್ದೇನೋ, ಎಲ್ಲದಕ್ಕೂ ಮೂಗು ತೂರಿಸಿ ಪ್ರಶ್ನೆ ಕೇಳುವ ಜಗಳಗಂಟಿ ಮೇಷ್ಟ್ರಮ್ಮ ಎಂದು ಯಾಕೆ ಅನ್ನಿಸಿಕೊಂಡಿದ್ದೇನೋ, ಅದೆಲ್ಲ ಆ ಅರ್ಧ ಸಿನಿಮಾದಿಂದ ಆದದ್ದು. ಸಿನಿಮಾದಿಂದ ಎನ್ನುವುದಕ್ಕಿಂತ, ಅದು ನಿಂತುಹೋದ ಮೇಲೆ ನಮ್ಮ ಮನೆಯಲ್ಲಿ ಶುರುವಾದದ್ದರಿಂದ ಎನ್ನುವುದೇ ಸರಿ.

ಮದ್ದೂರಿಗೂ ಮಳವಳ್ಳಿಗೂ ನಡುವೆ, ಕಬ್ಬಿನ ಗದ್ದೆಗಳ ಮಧ್ಯೆ, ಕರೆಂಟಿನ ಸಬ್‌ಸ್ಟೇಷನ್ನಿನ ಬೇಲಿಗೆ ಅಂಟಿಕೊಂಡಂತೆ ನಮ್ಮ ಕ್ವಾರ್ಟರ್ಸು. ಹಜಾರ, ನಡುಮನೆ, ಅಡುಗೆಮನೆ, ಮೂರೂ ರೈಲಿನ ಡಬ್ಬಿಗಳಂತೆ ಒಂದರ ಹಿಂದೊಂದು. ಕೆಂಪು ಗಾರೆಯ ನೆಲ. ಹಿತ್ತಲಲ್ಲಿ ಹಂಡೆ ಒಲೆ, ಒಗೆಯುವ ಕಲ್ಲು, ಒಂದು ನುಗ್ಗೆ ಮರ. ಬೇಲಿಯಾಚೆಯ ಟ್ರಾನ್ಸ್‌ಫಾರ್ಮರುಗಳು ಹಗಲಿರುಳೂ ಗುಂಯ್‌ ಎನ್ನುತ್ತಿದ್ದವು. ನೆಂಟರು ಬಂದರೆ ಆ ಸದ್ದಿಗೆ ನಿದ್ದೆ ಬಾರದೆ ಹೊರಳಾಡುತ್ತಿದ್ದರು. ನನಗೋ, ಬೇರೆಯವರ ಮನೆಯಲ್ಲಿ ಅದು ಕೇಳಿಸದಿದ್ದರೆ ಅಳು ಬರುತ್ತಿತ್ತು. ನೆಲಕ್ಕೆ ಕಿವಿ ಇಟ್ಟು ಮಲಗಿದರೆ ಮನೆಯೇ ಉಸಿರಾಡುತ್ತಿದೆ ಅನ್ನಿಸುತ್ತಿತ್ತು. ಈಗಲೂ ಕನಸಿನಲ್ಲಿ ಮೊದಲು ಬರುವುದು ಆ ಸದ್ದು, ಆಮೇಲೆ ಕೆಂಪು ನೆಲ, ಆಮೇಲೆ ಅವ್ವನ ಕಾಲಿನ ಬೆಳ್ಳಿ ಕಡಗ.

ಸುತ್ತಲಿನ ಹಳ್ಳಿಗಳೆಲ್ಲ ಕತ್ತಲಲ್ಲಿ ಮುಳುಗಿದರೂ ನಮ್ಮ ಮನೆಗಳಲ್ಲಿ ಬಲ್ಬು ಉರಿಯುತ್ತಿತ್ತು. ಕೊಪ್ಪದ ಕಡೆಯ ನನ್ನ ಸೋದರಮಾವಂದಿರು ಅದಕ್ಕೇ ಉರಿದುಕೊಳ್ಳುತ್ತಿದ್ದರು. ರಾಗಿ ಮೂಟೆ ಇಳಿಸಿ, ಬಲ್ಬನ್ನೇ ದಿಟ್ಟಿಸಿ, "ಏನ್‌ ಭಾವ, ಊರೋರ್‌ ಕರೆಂಟೆಲ್ಲ ನೀವೇ ತಿಂತೀರಾ?" ಎಂದು ಅಪ್ಪನನ್ನು ಕೆಣಕುತ್ತಿದ್ದರು. ಅಪ್ಪ ನಗುತ್ತಿರಲಿಲ್ಲ. ಅಪ್ಪ ಅಲ್ಲಿ ಆಪರೇಟರು. ಕಂಟ್ರೋಲ್‌ ರೂಮಿನಲ್ಲಿ ಫೋನಿನ ಪಕ್ಕ ಕೂತು, ಫೋನಿನಲ್ಲಿ ಹೇಳಿದ ಊರಿಗೆ ಕರೆಂಟು ಕೊಡುವುದು, ತೆಗೆಯುವುದು ಅವನ ಕೆಲಸ. ಮಾತು ಕಡಿಮೆ, ಮೇಲಿನವರೆಂದರೆ ಭಯ ಜಾಸ್ತಿ. ಅವನ ತಾಯಿ, ನಮ್ಮಜ್ಜಿ, ಮುಸ್ಸಂಜೆ ಸ್ವಿಚ್ಚು ಹಾಕಿದ ಕೂಡಲೇ ಬಲ್ಬಿಗೆ ಕೈಮುಗಿಯುತ್ತಿದ್ದಳು. ನಾವೂ ಮುಗಿಯುತ್ತಿದ್ದೆವು. ದೇವರ ಮುಂದಿನ ದೀಪಕ್ಕೂ ಅಪ್ಪ ಕೊಡುವ ದೀಪಕ್ಕೂ ನಮಗೆ ಭೇದವಿರಲಿಲ್ಲ.

ತಿಂಗಳಿಗೊಮ್ಮೆ ಶನಿವಾರ ಸಂಜೆ ಕ್ವಾರ್ಟರ್ಸಿನವರ ಕ್ಲಬ್ಬಿನ ಬಯಲಲ್ಲಿ ಸಿನಿಮಾ. ಮಳವಳ್ಳಿಯಿಂದ ಸಿದ್ದಣ್ಣ ಎಂಬಾತ ಬಸ್ಸಿನಲ್ಲಿ ಮಿಷಿನ್ನನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬರುತ್ತಿದ್ದ. ಟಾಪಿನ ಮೇಲೆ ಹಾಕು ಎಂದರೆ ಕಂಡಕ್ಟರನ ಹತ್ತಿರ ಕಿತ್ತಾಡುತ್ತಿದ್ದ. ಹೆಂಡತಿಯ ಹಳೇ ಸೀರೆಯಲ್ಲಿ ಅದನ್ನು ಕೂಸಿನ ಹಾಗೆ ಸುತ್ತಿರುತ್ತಿದ್ದ. ಎರಡು ಬೇವಿನ ಮರಗಳ ನಡುವೆ ಬಿಳಿ ಪರದೆ ಕಟ್ಟಿದರೆ ದೊಡ್ಡವರು ಮುಂದೆ, ಜಾಗ ಸಿಗದ ಮಕ್ಕಳು ಹಿಂದೆ. ಹಿಂದಿನಿಂದಲೂ ಸಿನಿಮಾ ಕಾಣುತ್ತಿತ್ತು, ಎಡ ಬಲ ಅದಲು ಬದಲು, ಅಷ್ಟೇ. ಗಾಳಿ ಬಂದರೆ ಹೀರೋಯಿನ್ನಿನ ಮುಖ ಹೊಟ್ಟೆ ಉಬ್ಬಿಸಿಕೊಂಡು ನಮ್ಮ ಕಡೆಗೇ ತೇಲಿ ಬರುತ್ತಿತ್ತು.

ಅವತ್ತಿನ ಸಿನಿಮಾದಲ್ಲಿ ಹಾಡಿರಲಿಲ್ಲ. ಮೊದಮೊದಲು ಎಲ್ಲರೂ ಗೊಣಗಿದರು. ಸರ್ಕಾರ ಕಟ್ಟಿಸಿದ ಆಸ್ಪತ್ರೆಯೊಂದರ ಮಾಳಿಗೆ ಕುಸಿಯುತ್ತದೆ. ಮಳೆಯಿಂದ ಬಿತ್ತು ಎಂದು ಮಂತ್ರಿ ಹೇಳುತ್ತಾನೆ. ಕನ್ನಡಕದ ಹುಡುಗಿಯೊಬ್ಬಳು, ಕೊಡೆ ಬಿಡದ ಮುದುಕನೊಬ್ಬ, ಇಬ್ಬರೂ ಪೇಪರಿನವರು, "ಅವತ್ತು ಮಳೆಯೇ ಬಂದಿರಲಿಲ್ಲವಲ್ಲ?" ಎಂದು ಕೇಳುತ್ತಾ ಹೊರಡುತ್ತಾರೆ. ಗಾರೆಯವನನ್ನು ಕೇಳುತ್ತಾರೆ, ಲಾರಿಯವನನ್ನು ಕೇಳುತ್ತಾರೆ, ಎಲ್ಲರೂ ಬಾಗಿಲು ಹಾಕಿಕೊಳ್ಳುತ್ತಾರೆ. ಹೊಡೆದಾಟವಿಲ್ಲ, ಕುಣಿತವಿಲ್ಲ, ಬರೀ ಬಾಗಿಲು ತಟ್ಟುವುದು. ಆದರೂ ಹೊತ್ತು ಹೋದಂತೆ ಬಯಲಿಗೆ ಬಯಲೇ ಸ್ತಬ್ಧವಾಯಿತು. ಮುಂದಿನ ಸಾಲಿನ ಕುರ್ಚಿಯಲ್ಲಿ, ಆವತ್ತು ತಪಾಸಣೆಗೆಂದು ಬಂದು ಬಂಗಲೆಯಲ್ಲಿ ಇಳಿದುಕೊಂಡಿದ್ದ ದೊಡ್ಡ ಸಾಹೇಬರು ಕೂತಿದ್ದರು. ಸಿನಿಮಾದಲ್ಲಿ ಲಂಚ ತಿಂದ ಎಂಜಿನಿಯರೊಬ್ಬ ಬಂದ. ಅವನ ಹೊಟ್ಟೆಗೂ ಸಾಹೇಬರ ಹೊಟ್ಟೆಗೂ ಒಂದೇ ದರ್ಜಿ ಅಂಗಿ ಹೊಲಿಯಬಹುದಿತ್ತು. ಸಾಹೇಬರು ಏನೂ ಮಾಡಿದವರಲ್ಲ ಪಾಪ, ಹೊಟ್ಟೆಯೊಂದೇ ತಪ್ಪು. ಅಷ್ಟರಲ್ಲಿ ಹಿಂದಿನಿಂದ ಯಾರೋ ಪಡ್ಡೆ ಕೂಗಿಯೇಬಿಟ್ಟ:

"ನಮ್‌ ಸಾಯೇಬ್ರಂಗೇ ಅವ್ನೆ ಕಣ್ಲಾ!"

ಬಯಲೆಲ್ಲ ಗೊಳ್ಳೆಂದಿತು. ಸಾಹೇಬರು ಎದ್ದು ಬಂಗಲೆಯ ಕಡೆ ಹೋದರು. ಪರದೆಯ ಮೇಲೆ ಕನ್ನಡಕದ ಹುಡುಗಿ ಗಲ್ಲಿಯೊಂದರಲ್ಲಿ ನಡೆದಳು. ಕೊನೆಯ ಮನೆ, ಬಣ್ಣ ಹೋದ ಬಾಗಿಲು, ಒಳಗೆ ಎಲ್ಲ ಗೊತ್ತಿರುವ ಒಬ್ಬ ಮನುಷ್ಯ ಇದ್ದಾನಂತೆ. ಅವಳು ತಟ್ಟಲು ಕೈ ಎತ್ತಿದಳು. ಅಷ್ಟೇ. ಕತ್ತಲು.

ಜನ ಶಿಳ್ಳೆ ಹಾಕಿದರು, ಸಿದ್ದಣ್ಣನನ್ನು ಬೈದರು. ಅವನು ಕತ್ತಲಲ್ಲೇ ಮಿಷಿನ್ನಿನ ಮೈ ತಡವುತ್ತಾ "ಏನಾಯ್ತವ್ವಾ ನಿಂಗೆ?" ಎನ್ನುತ್ತಿದ್ದ. ಅವ್ವ ಮಾತ್ರ ಎದ್ದು ನಿಂತು ಸುತ್ತ ನೋಡಿದಳು. ಕರೆಂಟು ಹೋದಾಗ ನಾವೆಲ್ಲ ಮಾಡುವ ಕೆಲಸ ಅದು: ನಮ್ಮದೊಂದೇ ಹೋಯಿತೋ, ಅಕ್ಕಪಕ್ಕದವರದೂ ಹೋಯಿತೋ ಎಂದು ಮೊದಲು ಪಕ್ಕದ ಮನೆ ನೋಡುವುದು. ನೋಡಿದರೆ ಕ್ವಾರ್ಟರ್ಸಿನ ಕಿಟಕಿಗಳೆಲ್ಲ ಹಳದಿಯಾಗಿ ಉರಿಯುತ್ತಿದ್ದವು. ಬೀದಿ ದೀಪ ಉರಿಯುತ್ತಿತ್ತು. ಬಂಗಲೆಯೂ ಉರಿಯುತ್ತಿತ್ತು. ಹೋಗಿದ್ದು ಕ್ಲಬ್ಬಿಗೆ ಮಾತ್ರ. ಕ್ಲಬ್ಬಿನ ಲೈನಿನ ಸ್ವಿಚ್ಚು ಇರುವುದು ಕಂಟ್ರೋಲ್‌ ರೂಮಿನಲ್ಲಿ, ಮತ್ತು ಆ ಸಂಜೆಯ ಪಾಳಿ ನಮ್ಮಪ್ಪನದು.

ಮಾರನೇ ದಿನ ಉಪ್ಸಾರು, ಮುದ್ದೆ. ಅಪ್ಪ ಮುದ್ದೆ ಮುರಿಯುವಾಗ ಅವ್ವ ಕೇಳಿದಳು:

"ನೆನ್ನೆ ಕರೆಂಟ್‌ ಯಾಕ್ರೀ ಓಯ್ತು?"

"ಮಿಸಿನ್‌ ಜಾಸ್ತಿ ಎಳೀತು. ಫ್ಯೂಸ್‌ ಓಯ್ತು."

"ಫ್ಯೂಸ್‌ ಯಾರ್‌ ಹಾಕುದ್ರು ಆಮೇಕೆ?"

ಅಪ್ಪ ಖಾರ ಸಾಲದು ಎಂದ. ಖಾರ ಸಾಕಷ್ಟಿತ್ತು, ನನ್ನ ಮೂಗು ಸೋರುತ್ತಿತ್ತು. ಅವ್ವ ಅಷ್ಟಕ್ಕೇ ಬಿಡುವವಳಲ್ಲ. ಒಗೆಯುವ ಕಲ್ಲಿನ ಹತ್ತಿರ ಪಕ್ಕದ ಮನೆಯ ಲೈನ್‌ಮನ್ನನ ಹೆಂಡತಿ ಜಯಮ್ಮನನ್ನು ಹಿಡಿದಳು. "ನಿಮ್ಮನೇವ್ರು ನೆನ್ನೆ ಕ್ಲಬ್‌ ಫ್ಯೂಸ್‌ ಹಾಕುದ್ರಾ?" ಎಂದರೆ, "ಇಲ್ಲ ಕಣಕ್ಕ, ಅವ್ರು ಚಾಪೆ ಮ್ಯಾಲೇ ನಿದ್ದೆ ಹೊಡ್ದು ಬಂದವ್ರೆ" ಎಂದು ಜಯಮ್ಮ ನಕ್ಕಳು. ಕ್ಲಬ್ಬು ಗುಡಿಸುವವಳು, ಬೆಳಗ್ಗೆ ಯಾರೂ ಫ್ಯೂಸು ಮುಟ್ಟದೆಯೇ ಫ್ಯಾನು ತಾನಾಗಿ ತಿರುಗುತ್ತಿತ್ತು ಎಂದಳು. ಬಟ್ಟೆ ಹಿಂಡುತ್ತಾ, ಸೊಪ್ಪು ಸೋಸುತ್ತಾ, ಯಾರಿಗೂ ಅನುಮಾನ ಬಾರದ ಹಾಗೆ ಅವ್ವ ಒಂದೊಂದೇ ಕೇಳುತ್ತಿದ್ದಳು. ಕನ್ನಡಕವೊಂದಿಲ್ಲ, ಉಳಿದಂತೆ ಥೇಟ್‌ ಸಿನಿಮಾದ ಹುಡುಗಿಯೇ. ನಾನು ಕೊಡೆಯ ಮುದುಕನ ಪಾತ್ರ ವಹಿಸಿಕೊಂಡು, ಒಂದು ಹರಕು ಕೊಡೆ ಹಿಡಿದು ಅವಳ ಹಿಂದೆ ಸುತ್ತಿದೆ.

ಇಲ್ಲಿಗೇ ನಿಂತಿದ್ದರೆ ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಮುಗಿಯುತ್ತಿತ್ತೋ ಏನೋ. ಆದರೆ ಅವ್ವ ಮಳವಳ್ಳಿ ಸಂತೆಗೆ ಹೋದವಳು ಸಪ್ಪಗೆ ಬಂದಳು. ಬಸ್‌ ಸ್ಟ್ಯಾಂಡಿನಲ್ಲಿ ಸಿದ್ದಣ್ಣ ಸಿಕ್ಕಿದ್ದನಂತೆ. ಮಿಷಿನ್ನೇ ಲೈನ್‌ ಸುಟ್ಟಿದ್ದು ಎಂದು ಕ್ಲಬ್ಬಿನವರು ಇನ್ನು ಬರಬೇಡ ಅಂದಿದ್ದಾರೆ. ಸುದ್ದಿ ಹಬ್ಬಿ, ಬೇರೆ ಊರಿನವರೂ ಕರೆಯುತ್ತಿಲ್ಲ. ಅವನೂ ಅದನ್ನೇ ನಂಬಿಕೊಂಡು, ಮಿಷಿನ್ನನ್ನು ಬಿಚ್ಚಿ ಬಿಚ್ಚಿ ನೋಡಿ, ಎಲ್ಲಿ ಕೆಟ್ಟಿದೆಯೋ ಗೊತ್ತಾಗದೆ, ದೀಪಾವಳಿ ಕಳೆದ ಮೇಲೆ ಗುಜರಿಗೆ ಹಾಕುತ್ತೇನೆ ಅಂದನಂತೆ. ಅವ್ವ ಸಂತೆಯ ಚೀಲವನ್ನು ನಡುಮನೆಯಲ್ಲಿ ದೊಪ್ಪನೆ ಇಟ್ಟು ಅಪ್ಪನ ಮುಂದೆ ನಿಂತಳು:

"ಬಂಗ್ಲೆಯಿಂದ ಫೋನ್‌ ಬಂದಿತ್ತು ತಾನೆ? ತೆಗೀರಿ ಅಂದ್ರು, ನೀವು ತೆಗುದ್ರಿ."

ಅಪ್ಪ ಗೋಡೆ ನೋಡಿದ. "ಮೇಲಿನೋರು ಯೋಳುದ್ಮೇಲೆ ಮಾಡ್ಬೇಕು ಕಣಮ್ಮಿ. ಈ ಮನೆ ಯಾರ್ದು ಅನ್ಕೊಂಡಿದ್ದೀಯ? ನಾಳೆ ಬುಡ್ರಿ ಅಂದ್ರೆ ಈ ಮುದುಕೀನ್‌ ಕರ್ಕೊಂಡ್‌ ಎಲ್ಲಿಗ್‌ ಓಗನ?"

"ಕರೆಂಟ್‌ ತೆಗ್ಯೋದು ನಿಮ್‌ ಕೆಲ್ಸ, ತೆಗುದ್ರಿ. ಆ ಪಾಪದೋನ್‌ ಮ್ಯಾಲೆ ಸುಳ್‌ ಹೊರ್ಸೋದು ನಿಮ್‌ ಕೆಲ್ಸವಾ? ಕ್ಲಬ್ನೋರ್‌ ಮುಂದೆ ನಿಂತ್ಕಂಡ್‌ ನಿಜ ಯೋಳಿ."

"ಆಗಾಕಿಲ್ಲ."

"ಆಗಾಕಿಲ್ವಾ? ಸರಿ ಬುಡಿ. ಅಲ್ಲೀಗಂಟ ನಿಮ್‌ ಕರೆಂಟು ನಂಗೂ ಬ್ಯಾಡ."

ಅಂದವಳೇ ಸ್ವಿಚ್ಚು ಆರಿಸಿದಳು. ಅಟ್ಟದಿಂದ ಸೀಮೆಎಣ್ಣೆ ಬುಡ್ಡಿ ಇಳಿಸಿ, ಬತ್ತಿ ಹೊಸೆದು ಹಚ್ಚಿದಳು. ಒಂದು ಅಡುಗೆಮನೆಗೆ, ಒಂದು ಹಜಾರಕ್ಕೆ. ಅಂದಿನಿಂದ ಕರೆಂಟಿನವರ ಕಾಲೊನಿಯಲ್ಲಿ ನಮ್ಮದೊಂದೇ ಕತ್ತಲ ಮನೆ. ಬೀದಿಯಲ್ಲಿ ಹೋಗುವವರು ನಿಂತು "ಯಾಕವ್ವ, ನಿಮ್ಮನೇಗ್‌ ಕರೆಂಟಿಲ್ವಾ?" ಎನ್ನುತ್ತಿದ್ದರು. ಅವ್ವನ ಉತ್ತರ ಒಂದೇ: "ನಮ್ಮನೇವ್ರ್ನ ಕೇಳಿ." ಜನ ಬಿಡುತ್ತಾರೆಯೇ? ಕೇಳಿದರು. ಹಾಲಿನವನು ಕೇಳಿದ, ಲೈನ್‌ಮನ್‌ ಕೇಳಿದ, ಕೊಪ್ಪದಿಂದ ಬಂದ ಮಾವ ಹೊಟ್ಟೆ ಹಿಡಿದು ನಕ್ಕು ಕೇಳಿದ. ಪೇಪರಿನಲ್ಲಿ ಅಚ್ಚು ಹಾಕಿಸಿದ್ದರೂ ಸುದ್ದಿ ಅಷ್ಟು ಚೆನ್ನಾಗಿ ಹಬ್ಬುತ್ತಿರಲಿಲ್ಲ.

ಹೇಳಲು ನಾಚಿಕೆಯಿಲ್ಲ, ಆ ದಿನಗಳಷ್ಟು ಸುಖ ನಾನು ಬೇರೆಲ್ಲೂ ಕಂಡಿಲ್ಲ. ಬಲ್ಬಿನಡಿಯಲ್ಲಿ ಮೂಲೆ ಮೂಲೆಯೂ ಗೊತ್ತಿದ್ದ ಮನೆ ಬುಡ್ಡಿಯ ಬೆಳಕಿನಲ್ಲಿ ಬೇರೆಯೇ ಆಯಿತು. ಹಜಾರ ಬಯಲಿನಷ್ಟು ಅಗಲವಾಯಿತು. ಗೂಟಕ್ಕೆ ಹಾಕಿದ ಅಪ್ಪನ ಖಾಕಿ ಅಂಗಿ ಗೋಡೆಯ ಮೇಲೆ ಉದ್ದುದ್ದ ಬೆಳೆದು, ಯಾರೋ ತಲೆ ತಗ್ಗಿಸಿ ನಿಂತಂತೆ ಕಾಣುತ್ತಿತ್ತು. ಸಾರಿನ ಪಾತ್ರೆಯ ಹಬೆ ಹೊನ್ನಿನ ಬಣ್ಣದ್ದು. ಹೊರಗೆ ಅದೇ ಗುಂಯ್‌ ಸದ್ದು. ಅಜ್ಜಿ ಊಟವಾದ ಮೇಲೆ ಗೋಡೆಗೆ ಕೈ ಒಡ್ಡಿ, ಬೆರಳಿನ ನೆರಳಲ್ಲೇ ಸಿನಿಮಾ ಮುಂದುವರಿಸುತ್ತಿದ್ದಳು. ಎರಡು ಬೆರಳು ಮಡಚಿದರೆ ಕನ್ನಡಕದ ಹುಡುಗಿ. ಅವಳು ಬಾಗಿಲು ತಟ್ಟುತ್ತಾಳೆ. ಒಳಗೆ ಯಾರು? ಒಂದು ದಿನ ಮಂತ್ರಿಯ ತಾಯಿ, ಮಗನ ಕಿವಿ ಹಿಂಡಿಕೊಂಡೇ ಈಚೆಗೆ ಬರುತ್ತಾಳೆ. ಇನ್ನೊಂದು ದಿನ ಆಸ್ಪತ್ರೆಯ ಮಾಳಿಗೆಯೇ ಮನುಷ್ಯನ ರೂಪದಲ್ಲಿ ಬಂದು, "ನಾನ್‌ ಬೀಳ್ಲಿಲ್ಲ ಕಣವ್ವ, ನನ್ನ ಬೀಳಿಸುದ್ರು" ಎಂದು ಅಳುತ್ತದೆ. ನನ್ನ ಪ್ರಕಾರ ಒಳಗಿದ್ದುದು ಒಂದು ನಾಯಿ. ಅವ್ವನನ್ನು ಕೇಳಿದರೆ, "ಯಾರೋ ನಮ್ಮಂಗೇ ಇರೋನು. ಇನ್ಯಾರು?" ಎಂದಳು.

ಅಪ್ಪ ಅದೇ ನಡುಮನೆಯಲ್ಲಿ ಮುದುರಿ ಮಲಗಿ ಕೇಳಿಸಿಕೊಳ್ಳುತ್ತಿದ್ದ. ಒಂದು ದಿನ ಕತ್ತಲಿನಿಂದಲೇ ಅವನ ದನಿ ಬಂತು:

"ಬಾಗ್ಲು ತೆಗ್ಯಾಕಿಲ್ಲ ಬುಡವ್ವ. ತಟ್ಟಿ ತಟ್ಟಿ ಸಾಕಾಗಿ ಓಯ್ತಾಳೆ."

ಅಜ್ಜಿಯ ಬೆರಳು ಗೋಡೆಯ ಮೇಲೆ ಹಾಗೇ ನಿಂತಿತು. ಅವಳು ಮಗನ ಕಡೆ ತಿರುಗದೆ ಹೇಳಿದಳು:

"ನಿಮ್ಮಪ್ಪ ಕರೆಂಟ್‌ ಕಂಡೋರಲ್ಲ, ಕಣ್‌ ಮುಚ್ಚುವಾಗ್ಲೂ ಬುಡ್ಡೀನೇ ಉರೀತಿತ್ತು. ಆ ಬುಡ್ಡಿ ಮುಂದೆ ಕೂತ್ಕಂಡೇ ನಿನ್ನ ಸಾಕ್ದೆ. ಕತ್ಲೆ ಅಂದ್ರೆ ನಂಗೇನ್‌ ಭಯ ಇಲ್ಲ ಮಗ. ಮನೆ ಓದ್ರೆ ಓಗ್ಲಿ. ನನ್ನ ನೆಪ ಮಾತ್ರ ಯೋಳ್ಬ್ಯಾಡ."

ಅಪ್ಪ ಎದ್ದು ಹಿತ್ತಲಿಗೆ ಹೋಗಿ, ಹಂಡೆಯಿಂದ ನೀರು ತೆಗೆದು ಮುಖ ತೊಳೆದುಕೊಂಡ. ಬಹಳ ಹೊತ್ತು ತೊಳೆದುಕೊಂಡ.

ದೀಪಾವಳಿಗೆ ಮುಂಚಿನ ಶನಿವಾರ ಅಪ್ಪ ಬೆಳಗಿನ ಪಾಳಿ ಮುಗಿಸಿದವನು ಊಟಕ್ಕೆ ಬರಲಿಲ್ಲ. ಅವ್ವ ಮುದ್ದೆಯ ಮೇಲೆ ತಟ್ಟೆ ಮುಚ್ಚಿಟ್ಟು ಬಾಗಿಲಿಗೂ ಒಲೆಗೂ ಓಡಾಡಿದಳು. ಸಂಜೆ ಮಳವಳ್ಳಿ ಬಸ್ಸಿನಿಂದ ಅಪ್ಪ ಇಳಿದ. ಅವನ ಹಿಂದೆ ಸಿದ್ದಣ್ಣ, ಎದೆಗವಚಿಕೊಂಡ ಸೀರೆಯ ಗಂಟು. ಅಪ್ಪ ಮನೆಯ ಕಡೆ ನೋಡದೆ ನೆಟ್ಟಗೆ ಕ್ಲಬ್ಬಿನ ಬಯಲಿಗೆ ನಡೆದ, ತಾನೇ ಬೇವಿನ ಮರ ಹತ್ತಿ ಪರದೆ ಕಟ್ಟಿದ. ಕೇರಂ ಆಡುತ್ತಿದ್ದವರು ಹೊರಗೆ ಬಂದರು, ಹೆಂಗಸರು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದರು. ಅಪ್ಪ ಕೈಗಂಟಿದ ತೊಗಟೆ ಒರೆಸಿಕೊಂಡು ಎಲ್ಲರ ಮುಂದೆ ನಿಂತ.

"ಅವತ್ತು ಕರೆಂಟ್‌ ಓಗ್ಲಿಲ್ಲ. ನಾನೇ ತೆಗ್ದೆ. ಬಂಗ್ಲೆಯಿಂದ ಫೋನ್‌ ಬಂತು, ತೆಗ್ದೆ. ಸಿದ್ದಣ್ಣನ್‌ ಮಿಸಿನ್‌ಗೆ ಏನೂ ಆಗಿಲ್ಲ. ಬೇಕಾರೆ ನೋಡಿ."

ಅಷ್ಟೇ ಹೇಳಿದ್ದು. ಅಪ್ಪ ಅದಕ್ಕಿಂತ ಉದ್ದ ಮಾತಾಡಿದ್ದನ್ನು ನಾನು ಕೇಳಿಲ್ಲ. ಸಿದ್ದಣ್ಣ ಮಿಷಿನ್ನಿಗೆ ಕೈಮುಗಿದು ಸ್ವಿಚ್ಚು ಒತ್ತಿದ. ಟರ್ರ್‌ ಎಂದು ತಿರುಗಿತು, ಬೆಳಕು ಚಿಮ್ಮಿತು. ಪೇಪರಿನವರ ಸಿನಿಮಾದ ರೀಲು ಬಾಡಿಗೆಯದು, ಅದು ಎಂದೋ ವಾಪಸು ಹೋಗಿತ್ತು. ಅವನ ಹತ್ತಿರ ಉಳಿದಿದ್ದುದು ದನಗಳಿಗೆ ಸೂಜಿ ಚುಚ್ಚುವ ಬಗ್ಗೆ ರೈತರಿಗೆ ತೋರಿಸುವ ಸರ್ಕಾರಿ ಚಿತ್ರವೊಂದೇ. ಇಡೀ ಕಾಲೊನಿ ಬಯಲಲ್ಲಿ ಕೂತು, ಒಂದರ ಹಿಂದೊಂದು ಹಸು ಬಂದು ಸೂಜಿ ಚುಚ್ಚಿಸಿಕೊಂಡು ಹೋಗುವುದನ್ನು ದೇವಸ್ಥಾನದಲ್ಲಿ ಕೂತ ಹಾಗೆ ನೋಡಿತು. ಸಿದ್ದಣ್ಣ ಅಳುತ್ತಿದ್ದ. ನಾನು ಪರದೆಯ ಹಿಂದೆ ಇದ್ದೆ. ಗಾಳಿ ಬೀಸಿ ಒಂದು ದೊಡ್ಡ ಬಿಳಿ ಹಸು ತೇಲಿಕೊಂಡು ನನ್ನ ಮೈಮೇಲೆಯೇ ಬಂದು ಹಿಂದೆ ಸರಿಯಿತು. ಮನೆಗೆ ಬಂದಾಗ ಕಿಟಕಿ ಹಳದಿಯಾಗಿ ಉರಿಯುತ್ತಿತ್ತು. ಅವ್ವ ಬುಡ್ಡಿಯ ಮಸಿ ಒರೆಸುತ್ತಾ, ಅಪ್ಪನ ತಟ್ಟೆಗೆ ತುಪ್ಪ ಬಡಿಸಿದ್ದಳು. ಅಜ್ಜಿ ಬಲ್ಬಿಗೆ ಕೈಮುಗಿದಳು.

ದೀಪಾವಳಿ ಕಳೆಯುವುದರೊಳಗೆ ವರ್ಗದ ಆರ್ಡರು ಬಂತು. ದುದ್ದದ ಕಡೆಗೆ. ಅಲ್ಲಿ ಕ್ವಾರ್ಟರ್ಸಿಲ್ಲ. ಸಾಮಾನಿನ ಜೊತೆ ಟ್ರ್ಯಾಕ್ಟರ್‌ ಹತ್ತುವ ಹೊತ್ತಿಗೆ ನಾನು ಕೆಂಪು ನೆಲಕ್ಕೆ ಕೆನ್ನೆ ಒತ್ತಿ ಮಲಗಿ, ಏಳುವುದಿಲ್ಲವೆಂದು ಹಟ ಮಾಡಿದೆ. ಅಪ್ಪ ಎತ್ತಿಕೊಂಡು ಬಂದ. ಅವನೂ ತಿರುಗಿ ನೋಡಿದ. ಆ ಮನೆ ನಮಗೆ ಮತ್ತೆ ಸಿಗಲಿಲ್ಲ, ಆ ಗುಂಯ್‌ ಸದ್ದು ಸಿಗದೆ ಎಷ್ಟೋ ದಿನ ನನಗೆ ನಿದ್ದೆ ಹತ್ತಲಿಲ್ಲ. ದುದ್ದದಲ್ಲಿ ಸಿಕ್ಕಿದ ಬಾಡಿಗೆ ಮನೆ ಹೆಂಚಿನದು, ಪಕ್ಕದಲ್ಲೇ ಕೊಟ್ಟಿಗೆ. ಕರೆಂಟು ಬಂದಾಗ ಬಂತು, ಹೋದಾಗ ಹೋಯಿತು. ಹಟಕ್ಕೆ ಹಚ್ಚಿದ ಬುಡ್ಡಿಯನ್ನು ಅವ್ವ ಅಲ್ಲಿ ಗತಿಯಿಲ್ಲದೆ ಹಚ್ಚಿದಳು. ಅಪ್ಪ ತಮಾಷೆ ಮಾಡುವುದನ್ನು ಕಲಿತದ್ದು ಆ ಮನೆಯಲ್ಲಿ. ಕತ್ತಲಾದ ಕೂಡಲೇ, "ಪಕ್ಕದ್‌ ಮನೆ ನೋಡೇ" ಎಂದು ಅವ್ವನನ್ನು ಕೆಣಕುತ್ತಿದ್ದ. ಅಜ್ಜಿ ಅಲ್ಲಿಯೇ ತೀರಿಕೊಂಡಳು, ಬಾಗಿಲ ಹಿಂದೆ ಯಾರಿದ್ದರೆಂದು ತಿಳಿಯದೆಯೇ.

ಈಗ ಅಪ್ಪ ಅವ್ವ ಇಬ್ಬರೂ ಮಂಡ್ಯದಲ್ಲಿ ನನ್ನ ಜೊತೆಯೇ ಇದ್ದಾರೆ. ಮೊನ್ನೆ ನನ್ನ ಮಗಳು, ಕತೆ ಹೇಳಿದರೆ ಸಾಕು ಫೋನು ಸಿನಿಮಾ ಹುಡುಕಿಕೊಡುತ್ತದೆ ಎಂದಳು. ಆಸ್ಪತ್ರೆ, ಮಾಳಿಗೆ, ಕನ್ನಡಕ, ಕೊಡೆ ಎಂದು ನಾನು ಹೇಳಿದೆ. ಸಿಕ್ಕಿಯೇಬಿಟ್ಟಿತು. ಅದಕ್ಕೊಂದು ಹೆಸರೂ ಇತ್ತು, ನಮ್ಮ ಹೆಸರಿನಷ್ಟು ಚೆನ್ನಾಗಿರಲಿಲ್ಲ. ಟಿ.ವಿ.ಗೆ ಹಾಕಿದಳು. ಅಪ್ಪ ಆರಾಮ ಕುರ್ಚಿಯಲ್ಲಿ, ಅವ್ವ ನೆಲದ ಮೇಲೆ ಅವನ ಮೊಣಕಾಲಿಗೆ ಒರಗಿ. ಕನ್ನಡಕದ ಹುಡುಗಿ ಗಲ್ಲಿಯಲ್ಲಿ ನಡೆದು ಬಂದಳು, ಬಣ್ಣ ಹೋದ ಬಾಗಿಲಿಗೆ ಕೈ ಎತ್ತಿದಳು. ಅಪ್ಪ ಕುರ್ಚಿಯ ಹಿಡಿ ಗಟ್ಟಿಯಾಗಿ ಹಿಡಿದುಕೊಂಡ. ಅವಳು ತಟ್ಟಿದಳು. ಬಾಗಿಲು ತೆರೆಯಿತು.

ಒಳಗಿದ್ದವನು ಬನಿಯನ್ನು ಹಾಕಿದ ಒಬ್ಬ ಸಣ್ಣ ಗುಮಾಸ್ತ. ಹಿಂದೆ ಒಲೆಯ ಮುಂದೆ ಹೆಂಡತಿ. ಅವಳು ಗಂಡನ ಮುಖ ನೋಡುತ್ತಾಳೆ, ಅವನು ನೆಲ ನೋಡುತ್ತಾ, "ಮೇಲಿನವರು ಹೇಳಿದರು, ಮಳೆ ಬಂತು ಎಂದು ಬರೆದುಕೊಟ್ಟೆ. ಅವತ್ತು ಮಳೆ ಬಂದಿರಲಿಲ್ಲ" ಎನ್ನುತ್ತಾನೆ. ಹೇಳಿ, ಬಾಗಿಲು ಹಾಕಿಕೊಳ್ಳುತ್ತಾನೆ. ಆಮೇಲೆ ಎಲ್ಲ ಜೋರು ಜೋರು: ಅಚ್ಚಿನ ಯಂತ್ರ ಓಡುತ್ತದೆ, ಮಂತ್ರಿ ರಾಜೀನಾಮೆ ಕೊಡುತ್ತಾನೆ, ಹುಡುಗಿಗೂ ಕೊಡೆಯ ಮುದುಕನಿಗೂ ಹಾರ ಹಾಕುತ್ತಾರೆ. ಮುಗಿಯಿತು. ಮಗಳು ಚಪ್ಪಾಳೆ ತಟ್ಟಿದಳು. ಅವ್ವ ಮಾತ್ರ ಟಿ.ವಿ.ಯನ್ನೇ ನೋಡುತ್ತಿದ್ದಳು.

"ಅಲ್ಲ ಕಣ್ರೀ, ಆ ಬನೀನ್‌ ಆಕಿದ್ನಲ್ಲ, ನಿಜ ಯೋಳಿದ್ನಲ್ಲ, ಅವ್ನ ಮತ್ತೆ ತೋರುಸ್ಲೇ ಇಲ್ವಲ್ಲ. ಎಂಡ್ರು ಕಟ್ಕಂಡ್‌ ಅವ್ನ್‌ ಎಲ್ಲಿಗ್‌ ಓದ್ನೋ ಪಾಪ?"

ಅಪ್ಪ ಅವಳ ತಲೆಯ ಮೇಲೆ ಕೈ ಇಟ್ಟ.

"ದುದ್ದಕ್ಕೆ."

ಅವ್ವ ನಕ್ಕಳು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡಳು.

"ಓಗ್ಲಿ ಬುಡಿ. ಒಳ್ಳೆ ಊರು ಕಣ್ರೀ ಅದು."